ಮನಸ್ಸು ಬದಲಾಯಿತೋ, ಮತದಾರರೇ ಬದಲಾದರೋ?

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರ ಮುಂದಿದ್ದದ್ದು ಒಂದೇ ಪ್ರಶ್ನೆ: ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ? ಶೇ 51.9ರಷ್ಟು ಮಂದಿ ಹೊರಬರೋಣ ಎಂದರು, ಶೇ 48.1ರಷ್ಟು ಮಂದಿ ಉಳಿಯೋಣ ಎಂದರು. ಮತ ಹಾಕಿದವರನ್ನು ಸಾವಿರಕ್ಕೆ ಇಳಿಸಿ ಲೆಕ್ಕ ಹಾಕಿದರೆ ಆ ಕಡೆ 519, ಈ ಕಡೆ 481. ಆ ಕಡೆಯ 20 ಮಂದಿ ಈ ಕಡೆ ಬಂದಿದ್ದರೆ ಫಲಿತಾಂಶವೇ ತಿರುಗುತ್ತಿತ್ತು.

ಆ ಬಳಿಕ ಜನಾಭಿಪ್ರಾಯ ಎತ್ತ ಸಾಗಿತು? ಯೂಗವ್ ಎಂಬ ಸಮೀಕ್ಷಾ ಸಂಸ್ಥೆ ಮತದಾನದ ಬೆನ್ನಲ್ಲೇ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳತೊಡಗಿತು: ಈಗ ಹಿಂತಿರುಗಿ ನೋಡಿದರೆ, ಒಕ್ಕೂಟ ಬಿಡಲು ಮತ ಹಾಕಿದ್ದು ಸರಿಯೇ, ತಪ್ಪೇ? 2016ರ ಆಗಸ್ಟ್‌ನಲ್ಲಿ ಸರಿ ಎಂದವರು ಶೇ 46, ತಪ್ಪು ಎಂದವರು ಶೇ 42. 2022ರ ನವೆಂಬರ್‌ನಲ್ಲಿ ತಪ್ಪು ಎಂದವರು ಶೇ 56ಕ್ಕೆ ಏರಿದ್ದರು, ಸರಿ ಎಂದವರು ಶೇ 32ಕ್ಕೆ ಇಳಿದಿದ್ದರು.

ಇಂಥ ಅಂಕಿಗಳನ್ನು ಎಷ್ಟು ನಂಬಬಹುದು? ಸಾವಿರ ಜನರ ಸಮೀಕ್ಷೆಯಲ್ಲಿ ಸುಮಾರು ಶೇ 3ರಷ್ಟು ಆಚೀಚೆ ಆಗುವುದು ಸಹಜ. ಹಾಗಾಗಿ 52–48ರಂಥ ಅಂತರವನ್ನು ಒಂದೇ ಸಮೀಕ್ಷೆಯಿಂದ ಖಚಿತಪಡಿಸಲಾಗದು. ಅದೇ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ವರ್ಷಗಟ್ಟಲೆ ಕೇಳಿದಾಗ ಮಾತ್ರ ದಿಕ್ಕು ಸ್ಪಷ್ಟವಾಗುತ್ತದೆ. ಇಲ್ಲಿ ದಿಕ್ಕಿನ ಬಗ್ಗೆ ಅನುಮಾನ ಉಳಿದಿಲ್ಲ.

ಹಾಗಾದರೆ ಹೊರಬರೋಣ ಎಂದವರೆಲ್ಲ ಮನಸ್ಸು ಬದಲಿಸಿದರೇ? ಇಲ್ಲ. ಅದೇ ನವೆಂಬರ್‌ನ ಸಮೀಕ್ಷೆಯಲ್ಲಿ, ಅಂದು ಹೊರಬರಲು ಮತ ಹಾಕಿದವರ ಪೈಕಿ ತಪ್ಪಾಯಿತು ಎಂದವರು ಶೇ 19 ಮಾತ್ರ. ಐವರಲ್ಲಿ ಒಬ್ಬರು ಎಂಬುದು ಇಷ್ಟು ತೆಳುವಾದ ಗೆಲುವಿನಲ್ಲಿ ಸಣ್ಣ ಸಂಖ್ಯೆಯಲ್ಲ. ಆದರೂ ಹೆಚ್ಚಿನವರು ತಮ್ಮ ಮಾತಿಗೆ ಅಂಟಿಕೊಂಡೇ ಇದ್ದರು.

ಬದಲಾವಣೆಯ ಉಳಿದ ಪಾಲಿನಲ್ಲಿ ಬಹಳಷ್ಟು ಬಂದದ್ದು ಜನಸಂಖ್ಯೆಯ ಸಹಜ ಚಲನೆಯಿಂದ. 2016ರಲ್ಲಿ 25ರೊಳಗಿನ ಮತದಾರರಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಉಳಿಯಲು ಮತ ಹಾಕಿದ್ದರು; 65 ದಾಟಿದವರಲ್ಲಿ ಸುಮಾರು ಶೇ 60ರಷ್ಟು ಮಂದಿ ಹೊರಬರಲು. ಬ್ರಿಟನ್ನಿನಲ್ಲಿ ವರ್ಷಕ್ಕೆ 6 ಲಕ್ಷದಷ್ಟು ಜನ ತೀರಿಕೊಳ್ಳುತ್ತಾರೆ, ಅವರಲ್ಲಿ ಬಹುಪಾಲು ವೃದ್ಧರು. ಅದಕ್ಕಿಂತ ತುಸು ಹೆಚ್ಚು ಮಂದಿ 18 ತುಂಬಿ ಮತದಾರರಾಗುತ್ತಾರೆ. ಯಾರೊಬ್ಬರೂ ಅಭಿಪ್ರಾಯ ಬದಲಿಸದಿದ್ದರೂ ಒಟ್ಟು ಲೆಕ್ಕ ವರ್ಷದಿಂದ ವರ್ಷಕ್ಕೆ ಸರಿಯುತ್ತಲೇ ಇರುತ್ತದೆ. ಇದರ ಜೊತೆಗೆ ಅಂದು ಮತಗಟ್ಟೆಗೆ ಬಾರದೆ ಉಳಿದ ಶೇ 28ರಷ್ಟು ಮತದಾರರಿದ್ದಾರೆ. ಸಮೀಕ್ಷೆಯಲ್ಲಿ ಅವರ ದನಿಯೂ ಸೇರುತ್ತದೆ.

ಜನ ಎಂದರೆ ಯಾರು ಎಂಬುದೇ ಇಲ್ಲಿ ಮುಖ್ಯವಾಗುತ್ತದೆ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಮತದ ಹಕ್ಕಿದ್ದುದರಿಂದ, ಬ್ರಿಟನ್ನಿನಲ್ಲಿ ನೆಲೆಸಿ ಮತದಾರರ ಪಟ್ಟಿಗೆ ಸೇರಿದ್ದ ಭಾರತೀಯರು, ಅವರ ನಡುವಿನ ಕನ್ನಡಿಗರೂ ಸೇರಿ, ಅಂದು ಮತ ಹಾಕಬಹುದಿತ್ತು. ಅದೇ ಬೀದಿಯಲ್ಲಿದ್ದ ಫ್ರಾನ್ಸ್ ಅಥವಾ ಪೋಲೆಂಡ್ ಪ್ರಜೆಗೆ ಆ ಹಕ್ಕಿರಲಿಲ್ಲ. 16–17ರ ಹರೆಯದವರಿಗೂ ಇರಲಿಲ್ಲ.

ಇಷ್ಟಾದರೂ ಅಂದು ಮತ ಹಾಕಿದವರಲ್ಲಿ ಹೆಚ್ಚಿನವರು ಪಟ್ಟು ಸಡಿಲಿಸದಿರಲು ಕಾರಣವೇನು? ಸಾರಾ ಹೋಬೋಲ್ಟ್, ಥಾಮಸ್ ಲೀಪರ್ ಮತ್ತು ಜೇಮ್ಸ್ ಟಿಲ್ಲಿ ಎಂಬ ರಾಜಕೀಯ ವಿಜ್ಞಾನಿಗಳ ಅಧ್ಯಯನ ಇದಕ್ಕೆ ಬೆಳಕು ಚೆಲ್ಲುತ್ತದೆ. ಒಂದು ದಿನದ ಆ ಮತ, ಪಕ್ಷನಿಷ್ಠೆಗೆ ಸರಿಸಾಟಿಯಾದ ಗುರುತಾಗಿ ಬೆಳೆದುಬಿಟ್ಟಿತ್ತು. ತಮ್ಮ ಕಡೆಯವರು ಪ್ರಾಮಾಣಿಕರು, ಬುದ್ಧಿವಂತರು; ಆ ಕಡೆಯವರು ಸ್ವಾರ್ಥಿಗಳು, ಕಪಟಿಗಳು ಎಂದು ಎರಡೂ ಬಣದವರು ಭಾವಿಸುತ್ತಿದ್ದರು. ದೇಶದ ಆರ್ಥಿಕತೆ ಹೇಗಿದೆ ಎಂದು ಕೇಳಿದರೂ ಉತ್ತರ ಬಣಕ್ಕೆ ತಕ್ಕಂತೆ ಬರುತ್ತಿತ್ತು. ಅಭಿಪ್ರಾಯ ಗುರುತಾಗಿ ಗಟ್ಟಿಯಾದರೆ ಹೊಸ ಸಂಗತಿಯೂ ಹಳೆಯ ನಂಬಿಕೆಗೇ ಪುರಾವೆಯಾಗುತ್ತದೆ.

ಈ ಒಳಸುಳಿಗಳನ್ನು ಬಿಡಿಸಿ ನೋಡಲು ಸಂಶೋಧಕರು ಪ್ಯಾನೆಲ್ ಅಧ್ಯಯನವನ್ನು ಬಳಸುತ್ತಾರೆ. ಬ್ರಿಟಿಷ್ ಎಲೆಕ್ಷನ್ ಸ್ಟಡಿ ಅದಕ್ಕೆ ಒಳ್ಳೆಯ ಉದಾಹರಣೆ: ಸಾವಿರಾರು ಜನರನ್ನು ಹಲವು ಸುತ್ತುಗಳಲ್ಲಿ ಮತ್ತೆ ಮತ್ತೆ ಮಾತಾಡಿಸಿ, ಅವರ ಉತ್ತರಗಳನ್ನು ಹೋಲಿಸುತ್ತಾರೆ. ಅಂದು ಯಾವ ಕಡೆಗೆ ಮತ ಹಾಕಿದ್ದಿರಿ ಎಂದು ಈಗ ಕೇಳಿದರೆ, ಇಂದಿನ ಅಭಿಪ್ರಾಯಕ್ಕೆ ಒಪ್ಪುವ ಹಾಗೆ ನೆನಪು ತನ್ನನ್ನು ತಿದ್ದಿಕೊಂಡಿರಬಹುದು. ಆಗಲೇ ಬರೆದಿಟ್ಟ ಉತ್ತರ ಹಾಗೆ ಬದಲಾಗದು.

ಆದ್ದರಿಂದ ‘ದೇಶದ ಮನಸ್ಸು ಬದಲಾಯಿತು’ ಎಂಬ ಶೀರ್ಷಿಕೆ ಕಂಡಾಗ ನಾವು ಕೇಳಬೇಕಾದದ್ದು ಇದು: ಮನಸ್ಸು ಬದಲಿಸಿದವರೆಷ್ಟು, ಹೊಸದಾಗಿ ಸೇರಿದವರೆಷ್ಟು, ತೀರಿಕೊಂಡವರೆಷ್ಟು? ಪ್ರಶ್ನೆ ಯಾವುದಿತ್ತು ಎಂಬುದನ್ನೂ ನೋಡಬೇಕು. ಹೊರಬಂದದ್ದು ತಪ್ಪು ಎನ್ನುವವರೆಲ್ಲರೂ ಯೂರೋ ನಾಣ್ಯವನ್ನೂ ಒಪ್ಪಿಕೊಂಡು ಒಕ್ಕೂಟಕ್ಕೆ ಮರಳಲು ಸಿದ್ಧರಿದ್ದಾರೆ ಎಂದೇನಲ್ಲ.

ಈ ಎಲ್ಲ ಅಧ್ಯಯನಗಳನ್ನು ಓದಿದ ಮೇಲೆ ನನಗೆ ಗಟ್ಟಿಯಾಗಿ ಅನಿಸುವುದಿಷ್ಟು. ಮನುಷ್ಯರು ವಾದದಲ್ಲಿ ಸೋತು ಅಭಿಪ್ರಾಯ ಬದಲಿಸುವುದು ಅಪರೂಪ. ತಮ್ಮವರನ್ನು ಬಿಟ್ಟುಕೊಟ್ಟ ಹಾಗಾಗುತ್ತದೆ ಎಂಬ ಭಯವೇ ಅವರನ್ನು ತಡೆಯುತ್ತದೆ. ತಪ್ಪಾಯಿತು ಎಂದವರನ್ನು ‘ಆಗಲೇ ಹೇಳಿರಲಿಲ್ಲವೇ’ ಎಂದು ಹಂಗಿಸಿದರೆ, ಬದಲಾಗಲು ಮನಸ್ಸು ಮಾಡಿದ ಇನ್ನೊಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಎರಡು ಹೋಳಾದ ಸಮಾಜದಲ್ಲಿ ಮರ್ಯಾದೆ ಕಳೆದುಕೊಳ್ಳದೆ ಮನಸ್ಸು ಬದಲಿಸಲು ಅವಕಾಶ ಇರಬೇಕು. ಅದಿಲ್ಲದಿದ್ದರೆ ತಪ್ಪು ತಿದ್ದಿಕೊಳ್ಳುವ ಕೆಲಸ ಒಂದು ಇಡೀ ತಲೆಮಾರು ಮುಗಿಯುವ ತನಕ ಕಾಯಬೇಕಾಗುತ್ತದೆ.