ತಾರಸಿಗೆ ರಬ್ಬರ್ ಹಾಳೆ: ಹಾಕಿಸಬೇಕಾ, ಬೇಡ್ವಾ?

ಮಳೆಗಾಲ ಶುರುವಾಯ್ತು ಅಂದ್ರೆ ಸಾಕು, ಮನೆಯಿಂದ ಫೋನ್ ಬರುತ್ತೆ. "ಮೇಲಿನ ರೂಮಿನ ಸೀಲಿಂಗ್ ಜಿನುಗ್ತಿದೆ, ಮೇಸ್ತ್ರಿ ರಬ್ಬರ್ ಹಾಕ್ಸಿ ಅಂತಿದ್ದಾರೆ. ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಹೇಳು." ಯಾವ ಬ್ರಾಂಚ್ ಅಂತ ಯಾರೂ ಕೇಳಲ್ಲ. ಕಂಪ್ಯೂಟರ್ ಸೈನ್ಸ್ ಆದ್ರೂ ಉತ್ತರ ಕೊಡಲೇಬೇಕು. ವಿಷಯ ಸಣ್ಣದೇನಲ್ಲ, ನೀರು ಒಳಗಿನ ಕಂಬಿವರೆಗೆ ಇಳಿದ್ರೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತೆ.

ಮೊದಲು ಮೇಸ್ತ್ರಿ ಯಾವ ರಬ್ಬರ್ ಹೇಳ್ತಿದ್ದಾರೆ ಅಂತ ಕೇಳಿ. ಡಬ್ಬದಲ್ಲಿ ಬಂದು ಬ್ರಷ್‌ನಲ್ಲಿ ಬಳಿಯೋ 'ರಬ್ಬರ್ ಕೋಟಿಂಗ್' ಬಹುತೇಕ ಅಕ್ರಿಲಿಕ್ ಪೇಂಟು. ನೀರು ಹರಿದು ಹೋಗೋ ಕಡೆ ಪರವಾಗಿಲ್ಲ, ದಿನಗಟ್ಟಲೆ ನಿಲ್ಲೋ ಕಡೆ ಮೆತ್ತಗಾಗಿ ಏಳುತ್ತೆ. ನಿಜವಾದ ರಬ್ಬರ್ ಚಾವಣಿ ಅಂದ್ರೆ ಇಪಿಡಿಎಂ ಹಾಳೆ. ಸಾಮಾನ್ಯವಾಗಿ 1.1 ಅಥವಾ 1.5 ಮಿ.ಮೀ. ದಪ್ಪ, ಬಣ್ಣ ಕಪ್ಪು. ಅಮೆರಿಕದಲ್ಲಿ 1960ರ ದಶಕದಿಂದ ಚಪ್ಪಟೆ ಚಾವಣಿಗಳ ಮೇಲೆ ಇದೆ.

ಇದು ಬಿಸಿಲಿಗೆ ಯಾಕೆ ಸಾಯಲ್ಲ ಅನ್ನೋದಕ್ಕೆ ನಮ್ಮ ಫಸ್ಟ್ ಇಯರ್ ಕೆಮಿಸ್ಟ್ರಿ ಸಾಕು. ಕಿಟಕಿ ಹತ್ತಿರ ಬಿಟ್ಟ ರಬ್ಬರ್ ಬ್ಯಾಂಡ್ ಕೆಲವೇ ತಿಂಗಳಲ್ಲಿ ಬಿರುಕು ಬಿಡುತ್ತಲ್ಲ? ನೈಸರ್ಗಿಕ ರಬ್ಬರಿನ ಮುಖ್ಯ ಸರಪಳಿಯಲ್ಲೇ ದ್ವಿಬಂಧಗಳಿರುತ್ತವೆ, ಓಝೋನ್ ಅಲ್ಲೇ ಕತ್ತರಿ ಹಾಕುತ್ತೆ. ಇಪಿಡಿಎಂನಲ್ಲಿ ಮುಖ್ಯ ಸರಪಳಿ ಪೂರ್ತಿ ಏಕಬಂಧ. ವಲ್ಕನೈಸ್ ಮಾಡೋಕೆ ಬೇಕಾದ ದ್ವಿಬಂಧ ಪಕ್ಕದ ಕೊಂಬೆಯಲ್ಲಿ ಇರುತ್ತೆ, ಹಾಗಾಗಿ ಅದು ಕಡಿದರೂ ಬೆನ್ನೆಲುಬು ಉಳಿಯುತ್ತೆ. ಕಪ್ಪು ಬಣ್ಣ ಬರೋದು ಕಾರ್ಬನ್ ಬ್ಲಾಕ್‌ನಿಂದ, ಅದು ಅಲ್ಟ್ರಾವಯಲೆಟ್ ಕಿರಣವನ್ನ ತಾನೇ ನುಂಗುತ್ತೆ.

ಈಗ ಮುಖ್ಯ ವಿಷಯ. ಅಂಗಡಿಯಲ್ಲಿ "300 ಪರ್ಸೆಂಟ್ ಹಿಗ್ಗುತ್ತೆ ಸಾರ್" ಅಂತಾರೆ. ಆ ಸಂಖ್ಯೆ ಸುಳ್ಳಲ್ಲ, ಆದ್ರೆ ಎಷ್ಟು ಉದ್ದ ಹಿಗ್ಗುತ್ತೆ ಅನ್ನೋದೇ ಪ್ರಶ್ನೆ. ಕಾಂಕ್ರೀಟ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 10 ಭಾಗ ಹಿಗ್ಗುತ್ತೆ. 10 ಮೀಟರ್ ಸ್ಲ್ಯಾಬು, ಹಗಲು ರಾತ್ರಿ ನಡುವೆ 25 ಡಿಗ್ರಿ ವ್ಯತ್ಯಾಸ ಅಂದ್ಕೊಳ್ಳಿ: 2.5 ಮಿ.ಮೀ. ಚಲನೆ. ಅದರಲ್ಲಿ ಒಂದು ಪಾಲು ಹಳೇ ಬಿರುಕಿನಲ್ಲಿ ಕಾಣಿಸಿಕೊಂಡು, 0.1 ಮಿ.ಮೀ. ಬಿರುಕು 0.4 ಆಯ್ತು ಅನ್ನಿ. ಸ್ಲ್ಯಾಬಿಗೆ ಬಿಗಿಯಾಗಿ ಅಂಟಿದ ತೆಳು ಪೇಂಟಿಗೆ ಹಿಗ್ಗೋಕೆ ಸಿಗೋದು ಆ 0.1 ಮಿ.ಮೀ. ಜಾಗ ಮಾತ್ರ. 300 ಪರ್ಸೆಂಟ್ ಅಲ್ಲೇ ಖಾಲಿ! ಅದೇ ಸಡಿಲವಾಗಿ ಹಾಸಿದ ಹಾಳೆ ಇದೇ 0.3 ಮಿ.ಮೀ. ಚಲನೆಯನ್ನ ಒಂದಡಿ ಉದ್ದಕ್ಕೆ ಹಂಚಿಕೊಂಡ್ರೆ ಬರೀ 0.1 ಪರ್ಸೆಂಟ್. ಹಾಳೆಗೆ ದುಡ್ಡು ಕೊಡೋದಕ್ಕೆ ನನಗೆ ಕಾಣೋ ಒಳ್ಳೇ ಕಾರಣ ಇದೇ.

ಹಾಗಾದ್ರೆ ಎಲ್ಲರೂ ಹಾಕಿಸಬೇಕಾ? ಇಲ್ಲ. ಅಲ್ಲಿನ ಚಾವಣಿ ಮೇಲೆ ರಿಪೇರಿಯವರು ಬಿಟ್ಟು ಯಾರೂ ಹತ್ತಲ್ಲ. ನಮ್ಮ ತಾರಸಿ ಮೇಲೆ ಸಂಡಿಗೆ ಒಣಗಬೇಕು, ನೀರಿನ ಟ್ಯಾಂಕ್, ಸೋಲಾರ್ ಸ್ಟ್ಯಾಂಡ್, ಡಿಶ್, ತುಳಸಿ ಕುಂಡ, ಬಟ್ಟೆ ತಂತಿಗೆ ಕಂಬ. ಒಂದೊಂದು ಕಾಲೂ ಹಾಳೆಗೆ ಒಂದೊಂದು ತೂತಿನ ಅಪಾಯ. ವಲ್ಕನೈಸ್ ಆದ ರಬ್ಬರನ್ನ ಬಿಸಿ ಮಾಡಿ ಬೆಸೆಯೋಕೆ ಆಗಲ್ಲ, ಪ್ರತಿ ಪೈಪಿನ ಸುತ್ತ, ಪ್ರತಿ ಮೂಲೆಯಲ್ಲಿ ಪ್ರೈಮರ್ ಹಚ್ಚಿ ಟೇಪ್‌ನಿಂದ ಕೂಡಿಸಬೇಕು. ಸೋರೋದು ಬಹುತೇಕ ಅಲ್ಲೇ, ನಡುವಿನಲ್ಲಿ ಅಲ್ಲ. 15 ಮೀಟರ್ ಅಗಲದ ಹಾಳೆಯೂ ತಯಾರಾಗುತ್ತೆ, ಲೆಕ್ಕಕ್ಕೆ 30×40 ಸೈಟಿನ ಮನೆಯನ್ನ ಜೋಡಣೆಯೇ ಇಲ್ಲದೆ ಮುಚ್ಚಬಹುದು. ಆದ್ರೆ 1.5 ಮಿ.ಮೀ. ದಪ್ಪದ 100 ಚದರ ಮೀಟರ್ ಹಾಳೆ 175 ಕೆಜಿ ಆಸುಪಾಸು. ನಮ್ಮ ಮನೆಗಳ ಮೆಟ್ಟಿಲಲ್ಲಿ ಹೊತ್ತುಕೊಂಡು ಹೋಗೋರು ಯಾರು?

ಇನ್ನೊಂದು ಅಂದ್ರೆ ಎಣ್ಣೆ ಮತ್ತು ಡಾಂಬರು ಇದಕ್ಕೆ ಆಗಿಬರಲ್ಲ. ಕೆಳಗೆ ಹಳೇ ಡಾಂಬರು ಶೀಟ್ ಇದ್ದರೆ ತೆಗೀಬೇಕು, ಇಲ್ಲಾ ನಡುವೆ ಬೇರೆ ಪದರ ಕೊಡಬೇಕು. ಬೇಸಿಗೆಯಲ್ಲಿ ಕಪ್ಪು ಹಾಳೆ ಕಾದು ಕೆಳಗಿನ ರೂಮು ಇನ್ನಷ್ಟು ಬಿಸಿಯಾಗುತ್ತೆ ಅನ್ನೋದೂ ಇದೆ.

ನನ್ನ ಅಭಿಪ್ರಾಯ ಹೀಗಿದೆ. ಮೆಟ್ಟಿಲ ಮೇಲಿನ ಹೆಡ್‌ರೂಮ್, ಪೋರ್ಟಿಕೊ, ಯಾರೂ ಓಡಾಡದ ಜಾಗ: ಇಪಿಡಿಎಂ ಹಾಕ್ಸಿ. ದಿನಾ ಬಳಸೋ, ಹತ್ತಾರು ಪೈಪ್ ಇರೋ ತಾರಸಿಗೆ ನಡುವೆ ಬಟ್ಟೆಯಂಥ ಪದರ ಇಟ್ಟು ಬಳಿಯೋ ಪಾಲಿಯುರೆಥೇನ್ ವಾಸಿ. ಜೋಡಣೆ ಇಲ್ಲ, ಬಟ್ಟೆ ಇರೋದ್ರಿಂದ ಬಿರುಕಿನ ಎಳೆತವೂ ಒಂದಿಷ್ಟು ಹಂಚಿಹೋಗುತ್ತೆ. ಯಾವುದೇ ಆದ್ರೂ ಮೊದಲು ಇಳಿಜಾರು ಸರಿ ಮಾಡಿಸಿ, 100 ಅಡಿಗೆ ಒಂದಡಿಯಾದ್ರೂ ಇರಲಿ. ಗೋಡೆ ಮತ್ತು ನೆಲ ಸೇರೋ ಮೂಲೆಯನ್ನ ಗಾರೆಯಿಂದ ದುಂಡಗೆ ಮಾಡಿಸಿ.

ಕೊನೇ ಕಂತು ಕೊಡೋ ಮೊದಲು ನೀರು ಹೋಗೋ ಪೈಪುಗಳನ್ನ ಮುಚ್ಚಿ, ಎರಡು ಇಂಚು ನೀರು ಕಟ್ಟಿ, ಎರಡು ದಿನ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ಚದರ ಮೀಟರಿಗೆ ಸುಮಾರು 50 ಕೆಜಿ ಭಾರ, ಗಟ್ಟಿಯಾಗಿರೋ ಆರ್‌ಸಿಸಿ ಸ್ಲ್ಯಾಬ್ ತಡೆಯುತ್ತೆ. ಅಜ್ಜನ ಕಾಲದ ಮದ್ರಾಸ್ ತಾರಸಿ ಆಗಿದ್ರೆ ಮಾತ್ರ ಈ ಪರೀಕ್ಷೆ ಬೇಡ, ಆ ಮರದ ತೊಲೆಗಳ ಸ್ಥಿತಿ ಮೊದಲು ನೋಡಿಸಿ.