ರಾಜಧಾನಿಯ ರಸ್ತೆಯಲ್ಲಿ ಧರಣಿ: ಜನರ ಸಿಟ್ಟು ಹೇಳುವುದೇನು?

ರಾಜಧಾನಿಯಲ್ಲಿ ಧರಣಿ ಅಥವಾ ರಸ್ತೆ ತಡೆ ನಡೆದಾಗ ಸಾರ್ವಜನಿಕರ ಪ್ರತಿಕ್ರಿಯೆಯನ್ನು ಪರ, ವಿರೋಧ ಎಂಬ ಎರಡೇ ಪಾಲು ಮಾಡಿ ನೋಡುವುದು ರೂಢಿಯಾಗಿದೆ. ಆದರೆ 1988ರಿಂದ 2021ರವರೆಗೆ ದೆಹಲಿ ಕಂಡ ದೊಡ್ಡ ಪ್ರತಿಭಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಬೇಡಿಕೆ ನ್ಯಾಯವಾದದ್ದೇ ಎಂಬ ಪ್ರಶ್ನೆಯೂ, ಅದಕ್ಕಾಗಿ ತಮ್ಮ ದಾರಿಯನ್ನು ಮುಚ್ಚಬೇಕೇ ಎಂಬ ಪ್ರಶ್ನೆಯೂ ಜನರ ಮಾತಿನಲ್ಲಿ ಬೆರೆತುಹೋಗಿರುವುದು ಕಾಣುತ್ತದೆ. ಇವುಗಳಷ್ಟೇ ಮುಖ್ಯವಾದ ಮೂರನೆಯ ಪ್ರಶ್ನೆಯೊಂದಿದೆ. ರಸ್ತೆಗೆ ಬಂದು ಕೂರುವ ಮೊದಲು ಆ ಜನರಿಗೆ ಸರ್ಕಾರದ ಕಣ್ಣೆದುರು ಕೂರಲು ಬೇರೆ ಯಾವ ಜಾಗ ಉಳಿದಿತ್ತು ಎಂಬ ಆ ಪ್ರಶ್ನೆಯನ್ನು ಕೇಳುವವರು ವಿರಳ.

1988ರ ಅಕ್ಟೋಬರ್ ಕೊನೆಯ ವಾರದಲ್ಲಿ ಭಾರತೀಯ ಕಿಸಾನ್ ಯೂನಿಯನ್ನಿನ ಮಹೇಂದ್ರ ಸಿಂಗ್ ಟಿಕಾಯತ್ ಅವರ ನೇತೃತ್ವದಲ್ಲಿ, ಮುಖ್ಯವಾಗಿ ಪಶ್ಚಿಮ ಉತ್ತರ ಪ್ರದೇಶದ ಸುಮಾರು ಐದು ಲಕ್ಷ ರೈತರು ದೆಹಲಿಯ ಬೋಟ್ ಕ್ಲಬ್ ಮೈದಾನಕ್ಕೆ ಬಂದು ಬೀಡುಬಿಟ್ಟರು. ಕಬ್ಬಿಗೆ ಹೆಚ್ಚಿನ ಬೆಲೆ ಹಾಗೂ ವಿದ್ಯುತ್ ಮತ್ತು ನೀರಿನ ಬಾಕಿಯ ಮನ್ನಾ ಅವರ ಮುಖ್ಯ ಬೇಡಿಕೆಗಳಾಗಿದ್ದವು. ಬೋಟ್ ಕ್ಲಬ್ ಎಂದರೆ ಸಂಸತ್ತಿಗೂ ಕೇಂದ್ರ ಸಚಿವಾಲಯಕ್ಕೂ ಕೂಗಳತೆಯಲ್ಲಿರುವ, ಆಗ ರಾಜಪಥ ಎನಿಸಿಕೊಂಡಿದ್ದ ರಸ್ತೆಯ ಇಕ್ಕೆಲಗಳ ಹುಲ್ಲುಹಾಸು. ಗಣರಾಜ್ಯೋತ್ಸವದ ಮೆರವಣಿಗೆ ಸಾಗುವ ಆ ದಾರಿಯಲ್ಲಿ ಸುಮಾರು ಒಂದು ವಾರ ಟ್ರ್ಯಾಕ್ಟರ್‌ಗಳು ನಿಂತವು, ಒಲೆಗಳು ಹೊತ್ತಿದವು, ಹುಕ್ಕಾಗಳು ಕೈಯಿಂದ ಕೈಗೆ ದಾಟಿದವು. ಇಂದಿರಾ ಗಾಂಧಿಯವರ ಪುಣ್ಯತಿಥಿಗೆಂದು ಅಲ್ಲಿ ಗೊತ್ತುಮಾಡಿದ್ದ ಸಭೆಯನ್ನು ಆಡಳಿತ ಪಕ್ಷವೇ ಬೇರೆಡೆಗೆ ಸಾಗಿಸಬೇಕಾಯಿತು. ಬೇಡಿಕೆಗಳನ್ನು ಪರಿಶೀಲಿಸುವ ಭರವಸೆ ದೊರೆತ ಬಳಿಕ ರೈತರು ಊರಿಗೆ ಮರಳಿದರು. ನಗರಕ್ಕೆ ಅನನುಕೂಲವಾಗಿತ್ತು, ನಿಜ. ಆದರೆ ಅಹವಾಲು ತಲುಪಬೇಕಾದವರಿಗೆ ನೇರವಾಗಿ ತಲುಪಿತ್ತು.

ಆ ಬಳಿಕದ ವರ್ಷಗಳಲ್ಲಿ ಬೋಟ್ ಕ್ಲಬ್ ಪ್ರತಿಭಟನೆಗೆ ಮುಚ್ಚಿಹೋಯಿತು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೆಡೆ ಸೇರದಂತೆ ತಡೆಯಲು ಆಗ ಬಳಕೆಯಲ್ಲಿದ್ದ ಸೆಕ್ಷನ್ 144ರ ನಿಷೇಧಾಜ್ಞೆ ಮಧ್ಯ ದೆಹಲಿಯ ಆ ಪ್ರದೇಶದಲ್ಲಿ ಪದೇ ಪದೇ ಜಾರಿಯಾಗುತ್ತ ಬಂತು. 1990ರ ದಶಕದಲ್ಲಿ ಜಂತರ್ ಮಂತರ್ ಪಕ್ಕದ ರಸ್ತೆಯೇ ದೇಶದ ಧರಣಿಗಳ ನೆಲೆಯಾಯಿತು. 2017ರ ಅಕ್ಟೋಬರ್‌ನಲ್ಲಿ ಸುತ್ತಲಿನ ನಿವಾಸಿಗಳು ಧ್ವನಿವರ್ಧಕಗಳ ಗದ್ದಲದ ಬಗ್ಗೆ ಸಲ್ಲಿಸಿದ ದೂರನ್ನು ಒಪ್ಪಿದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ಅಂದರೆ ಪರಿಸರ ಸಂಬಂಧಿ ವ್ಯಾಜ್ಯಗಳನ್ನು ವಿಚಾರಿಸುವ ಶಾಸನಬದ್ಧ ಸಂಸ್ಥೆಯು, ಅಲ್ಲಿನ ಧರಣಿಗಳನ್ನೂ ನಿಷೇಧಿಸಿ ರಾಮಲೀಲಾ ಮೈದಾನದತ್ತ ಬೆರಳು ತೋರಿತು. 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಈ ಸಂಪೂರ್ಣ ನಿಷೇಧವನ್ನು ತೆರವುಗೊಳಿಸಿ, ನಿವಾಸಿಗಳ ನೆಮ್ಮದಿಗೂ ಪ್ರತಿಭಟನೆಯ ಹಕ್ಕಿಗೂ ಸಮತೋಲನ ಸಾಧಿಸುವ ಮಾರ್ಗಸೂಚಿ ರೂಪಿಸುವಂತೆ ಪೊಲೀಸರಿಗೆ ಸೂಚಿಸಿತು.

ಶಾಹೀನ್ ಬಾಗ್‌ನ ಎರಡು ಮುಖ

2019ರ ಡಿಸೆಂಬರ್ 15ರಂದು ಪೌರತ್ವ ತಿದ್ದುಪಡಿ ಕಾಯ್ದೆಯನ್ನು ವಿರೋಧಿಸಿ ಶಾಹೀನ್ ಬಾಗ್‌ನ ಮಹಿಳೆಯರು ದೆಹಲಿಯನ್ನು ನೊಯ್ಡಾಕ್ಕೆ ಜೋಡಿಸುವ ಕಾಳಿಂದಿ ಕುಂಜ್ ರಸ್ತೆಯಲ್ಲಿ ಕುಳಿತರು. ಕೋವಿಡ್ ಲಾಕ್‌ಡೌನ್ ವೇಳೆ, 2020ರ ಮಾರ್ಚ್ 24ರಂದು ಪೊಲೀಸರು ತೆರವುಗೊಳಿಸುವವರೆಗೂ ಧರಣಿ ಮುಂದುವರಿಯಿತು. ಕಚೇರಿಗೆ ಹೋಗುವವರು, ಶಾಲಾ ಬಸ್ಸುಗಳು, ಆಸ್ಪತ್ರೆಗೆ ಧಾವಿಸುವವರು ಸುತ್ತುದಾರಿ ಹಿಡಿಯಬೇಕಾಯಿತು. ಆ ರಸ್ತೆಯ ಅಂಗಡಿಗಳು ಬಾಗಿಲು ಹಾಕಿದವು. ಸರಿತಾ ವಿಹಾರದ ನಿವಾಸಿಗಳು ರಸ್ತೆ ತೆರವಿಗಾಗಿ ತಾವೇ ಬೀದಿಗಿಳಿದರು. ಅದೇ ವೇಳೆಗೆ ಪಂಜಾಬಿನ ಸಿಖ್ ರೈತರು ಅಲ್ಲಿಗೆ ಬಂದು, ಎಲ್ಲರಿಗೂ ಉಚಿತವಾಗಿ ಊಟ ಬಡಿಸುವ ಲಂಗರ್ ನಡೆಸಿದರು. ಒಂದೇ ಧರಣಿ ಒಬ್ಬರಿಗೆ ನಿತ್ಯದ ಸಂಕಟವಾಗಿ, ಇನ್ನೊಬ್ಬರಿಗೆ ಬೆಂಬಲಿಸಲೇಬೇಕಾದ ಹೋರಾಟವಾಗಿ ಕಂಡಿತು. 2020ರ ಫೆಬ್ರುವರಿಯ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಈ ಧರಣಿಯನ್ನೇ ಪ್ರಚಾರದ ಮುಖ್ಯ ವಿಷಯವಾಗಿಸಿಕೊಂಡರೂ 70 ಸ್ಥಾನಗಳ ಪೈಕಿ 62 ಆಮ್ ಆದ್ಮಿ ಪಕ್ಷಕ್ಕೆ ಹೋದವು. ರಸ್ತೆ ಮುಚ್ಚಿದ್ದಕ್ಕೆ ಜನ ತೋರಿದ ಸಿಟ್ಟು ಹಾಗೆಯೇ ಮತವಾಗಿ ಮಾರ್ಪಡುತ್ತದೆಂಬ ಲೆಕ್ಕಾಚಾರ ಅಷ್ಟು ಸರಳವಲ್ಲ ಎಂಬುದಕ್ಕೆ ಇದು ಸಾಕ್ಷಿ.

ಮಾತುಕತೆಗೆ ನೆರವಾಗಲು ಸುಪ್ರೀಂ ಕೋರ್ಟ್ ನೇಮಿಸಿದ ಸಂಧಾನಕಾರರು ಧರಣಿ ಸ್ಥಳಕ್ಕೆ ಹೋದರು. ಮುಖ್ಯ ಮಾಹಿತಿ ಆಯುಕ್ತರಾಗಿದ್ದ ವಜಾಹತ್ ಹಬೀಬುಲ್ಲಾ ಅವರು, ಧರಣಿಗೆ ಸಂಬಂಧವಿಲ್ಲದ ಪಕ್ಕದ ರಸ್ತೆಗಳನ್ನೂ ಪೊಲೀಸರು ಅನಗತ್ಯವಾಗಿ ಮುಚ್ಚಿದ್ದರೆಂದು ನ್ಯಾಯಾಲಯಕ್ಕೆ ಪ್ರಮಾಣಪತ್ರ ಸಲ್ಲಿಸಿದರು. 2020ರ ಅಕ್ಟೋಬರ್ 7ರ ತೀರ್ಪು, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸುವಂತಿಲ್ಲ, ಪ್ರತಿಭಟನೆ ಗೊತ್ತುಪಡಿಸಿದ ಸ್ಥಳದಲ್ಲಿಯೇ ನಡೆಯಬೇಕು ಎಂದಿತು. ಸಂವಿಧಾನದ 19ನೇ ವಿಧಿ ಶಸ್ತ್ರರಹಿತವಾಗಿ, ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ಕೊಟ್ಟು, ಸಾರ್ವಜನಿಕ ಸುವ್ಯವಸ್ಥೆಗಾಗಿ ಅದರ ಮೇಲೆ ಸಮಂಜಸ ನಿರ್ಬಂಧ ಹೇರಲು ಅವಕಾಶ ನೀಡುತ್ತದೆ. ಆದರೆ ರಸ್ತೆಗಳಲ್ಲಿ ಸಭೆ ನಡೆಸುವುದನ್ನು ನಿಯಂತ್ರಿಸುವ ಅಧಿಕಾರವೆಂದರೆ ಎಲ್ಲ ರಸ್ತೆಗಳನ್ನೂ ಸಭೆಗಳಿಗೆ ಮುಚ್ಚಿಬಿಡುವ ಅಧಿಕಾರವಲ್ಲ ಎಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ 1972ರಲ್ಲಿ, ಅಹಮದಾಬಾದಿನ ಹಿಮತ್ ಲಾಲ್ ಶಾ ಪ್ರಕರಣದಲ್ಲಿ ಹೇಳಿತ್ತು. ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದಾಗ, ಸೂಕ್ತ ಸ್ಥಳವನ್ನು ಒದಗಿಸುವ ಹೊಣೆ ಸರ್ಕಾರದ್ದೆಂಬುದು ಸ್ಪಷ್ಟವಾಗುತ್ತದೆ.

ಗಡಿಗಳಲ್ಲಿ ನಿಂತ ರೈತರು

ಆ ಹೊಣೆಯನ್ನು ಹೇಗೆ ನಿಭಾಯಿಸಲಾಯಿತು ಎಂಬುದು ಕೆಲವೇ ವಾರಗಳಲ್ಲಿ ಗೊತ್ತಾಯಿತು. 2020ರ ನವೆಂಬರ್ ಕೊನೆಯಲ್ಲಿ, ಮೂರು ಕೃಷಿ ಕಾಯ್ದೆಗಳ ವಿರುದ್ಧ ದೆಹಲಿಗೆ ಹೊರಟ ಪಂಜಾಬ್ ಮತ್ತು ಹರಿಯಾಣದ ರೈತರಿಗೆ ಬ್ಯಾರಿಕೇಡ್ ಮತ್ತು ಜಲಫಿರಂಗಿಗಳು ಎದುರಾದವು. ಬಳಿಕ ನಗರದ ಹೊರವಲಯದ ಬುರಾಡಿಯ ಮೈದಾನವನ್ನು ತೋರಿಸಲಾಯಿತು. ರೈತ ನಾಯಕರು ಅದನ್ನು ಬಯಲು ಜೈಲೆಂದು ಕರೆದು ತಿರಸ್ಕರಿಸಿ, ಸಿಂಘು, ಟಿಕ್ರಿ, ಗಾಜಿಪುರ ಗಡಿಗಳ ಹೆದ್ದಾರಿಗಳಲ್ಲಿಯೇ ಉಳಿದರು. ಸುತ್ತಲಿನ ಹಳ್ಳಿಗಳಿಂದ ಹಾಲು, ತರಕಾರಿ ಬಂತು. ರೈತರ ಲಂಗರ್‌ಗಳಲ್ಲಿ ಅಕ್ಕಪಕ್ಕದ ಬಡಾವಣೆಗಳ ಬಡ ಮಕ್ಕಳೂ ಉಂಡರು. 2021ರ ಜನವರಿ 26ರಂದು ಟ್ರ್ಯಾಕ್ಟರ್ ಮೆರವಣಿಗೆಯ ಒಂದು ಭಾಗ ದಾರಿ ಬಿಟ್ಟು ಕೆಂಪುಕೋಟೆಯೊಳಗೆ ನುಗ್ಗಿದಾಗ ವಾತಾವರಣ ಕದಡಿತು. ಮೂರು ದಿನಗಳ ಬಳಿಕ ಸ್ಥಳೀಯರೆಂದು ಹೇಳಿಕೊಂಡ ಗುಂಪೊಂದು ಸಿಂಘುವಿನಲ್ಲಿ ಪ್ರತಿಭಟನಕಾರರ ಮೇಲೆ ಕಲ್ಲು ತೂರಿತು. ಅದರ ಹಿಂದಿನ ರಾತ್ರಿಯಷ್ಟೇ ಗಾಜಿಪುರದಲ್ಲಿ ಮಹೇಂದ್ರ ಸಿಂಗ್ ಅವರ ಮಗ ರಾಕೇಶ್ ಟಿಕಾಯತ್ ಕ್ಯಾಮೆರಾಗಳ ಮುಂದೆ ಕಣ್ಣೀರಿಟ್ಟಿದ್ದರು; ಅದನ್ನು ಕಂಡ ಪಶ್ಚಿಮ ಉತ್ತರ ಪ್ರದೇಶದ ರೈತರು ರಾತ್ರೋರಾತ್ರಿ ಗಾಜಿಪುರಕ್ಕೆ ಹೊರಟಿದ್ದರು. ಜನಾಭಿಪ್ರಾಯ ಮೂರೇ ದಿನಗಳಲ್ಲಿ ಎರಡೂ ದಿಕ್ಕಿಗೆ ವಾಲಬಲ್ಲದು ಎಂಬುದನ್ನು ಆ ವಾರ ತೋರಿಸಿತು.

ಅದೇ ವರ್ಷ ನೊಯ್ಡಾದ ನಿವಾಸಿಯೊಬ್ಬರು, ಇಪ್ಪತ್ತು ನಿಮಿಷಗಳ ಪ್ರಯಾಣಕ್ಕೆ ಎರಡು ಗಂಟೆ ಹಿಡಿಯುತ್ತಿದೆಯೆಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ದೂರು ಸಂಪೂರ್ಣ ನ್ಯಾಯವಾದದ್ದು. ಆದರೆ ದಾರಿ ಮುಚ್ಚಿದವರು ಪೊಲೀಸರೇ ಎಂದು ರೈತರು ವಾದಿಸಿದರು. ಅಕ್ಟೋಬರ್ ಕೊನೆಯಲ್ಲಿ ಪೊಲೀಸರು ಟಿಕ್ರಿ ಮತ್ತು ಗಾಜಿಪುರದಲ್ಲಿ ತಾವೇ ಹಾಕಿದ್ದ ತಡೆಗೋಡೆಗಳನ್ನು ತೆಗೆಯಲಾರಂಭಿಸಿದಾಗ ಆ ವಾದಕ್ಕೆ ಬಲ ಬಂತು. ನವೆಂಬರ್ 19ರಂದು ಪ್ರಧಾನಿ ಕಾಯ್ದೆಗಳ ವಾಪಸಾತಿಯನ್ನು ಘೋಷಿಸಿದರು, 29ರಂದು ಸಂಸತ್ತು ಅವನ್ನು ರದ್ದುಪಡಿಸಿತು, ಡಿಸೆಂಬರ್‌ನಲ್ಲಿ ರೈತರು ಮನೆಗೆ ಮರಳಿದರು.

ಅಡಚಣೆಯನ್ನು ಒಲ್ಲದ ಜನಮತ ಹೊಸದೂ ಅಲ್ಲ, ಭಾರತಕ್ಕೆ ಸೀಮಿತವೂ ಅಲ್ಲ. 1963ರ ಆಗಸ್ಟ್‌ನಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ವಾಷಿಂಗ್ಟನ್ ಮೆರವಣಿಗೆ ನಡೆಯುವ ಮೊದಲು ಗ್ಯಾಲಪ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ಅದರ ಬಗ್ಗೆ ಕೇಳಿದ್ದವರಲ್ಲಿ ಸದಭಿಪ್ರಾಯ ಹೊಂದಿದ್ದವರು ಶೇ 23ರಷ್ಟು ಮಾತ್ರ. 1966ರಲ್ಲಿ ಆ ಚಳವಳಿಯ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಶೇ 63ರಷ್ಟು ಅಮೆರಿಕನ್ನರು ಪ್ರತಿಕೂಲ ಅಭಿಪ್ರಾಯ ಹೊಂದಿದ್ದರು. 2011ರಲ್ಲಿ ಶೇ 94ರಷ್ಟು ಜನ ಅವರನ್ನು ಮೆಚ್ಚಿದರು. 2020ರಲ್ಲಿ ಪ್ರಕಟವಾದ ಮ್ಯಾಥ್ಯೂ ಫೈನ್‌ಬರ್ಗ್ ಮತ್ತು ಸಂಗಡಿಗರ ಅಧ್ಯಯನ ಇಲ್ಲಿನ ತೊಡಕನ್ನು ಚಳವಳಿಗಾರನ ಇಕ್ಕಟ್ಟು ಎಂದು ಗುರುತಿಸುತ್ತದೆ: ತೀವ್ರ ಕ್ರಮಗಳು ಜಗತ್ತಿನ ಗಮನ ಸೆಳೆಯುತ್ತವೆ, ಆದರೆ ಅವೇ ಕ್ರಮಗಳು ನೋಡುವವರ ಬೆಂಬಲವನ್ನು ಕುಗ್ಗಿಸುತ್ತವೆ. ಗದ್ದಲವಿಲ್ಲದ ಅಹವಾಲಿಗೆ ಆಳುವವರು ಕಿವಿಗೊಡದಷ್ಟೂ ಈ ಇಕ್ಕಟ್ಟು ಬಿಗಿಯಾಗುತ್ತದೆ.

ಈ ಪ್ರಶ್ನೆ ಕರ್ನಾಟಕದ ರಾಜಧಾನಿಯದೂ ಹೌದು. 2017ರ ಮಾರ್ಚ್‌ನಲ್ಲಿ ಗೌರವಧನ ಹೆಚ್ಚಳಕ್ಕಾಗಿ ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ರಸ್ತೆಯಲ್ಲಿ ಹಗಲಿರುಳು ಕುಳಿತಾಗ ನಗರದ ಸಂಚಾರ ಅಸ್ತವ್ಯಸ್ತಗೊಂಡಿತು, ಅವರ ಸ್ಥಿತಿಗತಿಯೂ ರಾಜ್ಯದ ಚರ್ಚೆಯ ವಿಷಯವಾಯಿತು. 2021ರ ಡಿಸೆಂಬರ್‌ನಲ್ಲಿ ಹೊರಟ ಪೊಲೀಸ್ ಆದೇಶವು ಬೆಂಗಳೂರಿನ ಪ್ರತಿಭಟನೆಗಳನ್ನು, ಹಳೆಯ ಕೇಂದ್ರ ಕಾರಾಗೃಹದ ಆವರಣದಲ್ಲಿರುವ ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿತು. ಸಂಚಾರದ ದೃಷ್ಟಿಯಿಂದ ಇದು ನೆಮ್ಮದಿಯ ಕ್ರಮವೇ. ಆದರೆ ಗೊತ್ತುಪಡಿಸಿದ ಸ್ಥಳಕ್ಕೆ ಸಚಿವರೂ ಅಧಿಕಾರಿಗಳೂ ಬಂದು ಮನವಿ ಸ್ವೀಕರಿಸಿ, ಕಾಲಮಿತಿಯೊಳಗೆ ಉತ್ತರ ಕೊಡದಿದ್ದರೆ ಅದು ಜನರನ್ನು ಕೂಡಿಹಾಕುವ ಆವರಣವಾಗಿಬಿಡುತ್ತದೆ.

ಆಂಬುಲೆನ್ಸಿಗೆ ದಾರಿ ಬಿಡುವುದು, ಹಿಂಸೆಗೆ ಇಳಿಯದಿರುವುದು ಪ್ರತಿಭಟನಕಾರರ ಕರ್ತವ್ಯ; ಇದರಲ್ಲಿ ರಿಯಾಯಿತಿ ಇರಲಾಗದು. ದಾರಿಯಲ್ಲಿ ಸಿಲುಕಿದ ನಾಗರಿಕನ ಸಿಟ್ಟೂ ಸಹಜ. ಆದರೆ ಆ ಸಿಟ್ಟು ರಸ್ತೆಯಲ್ಲಿ ಕುಳಿತವರ ಮೇಲಷ್ಟೇ ತಿರುಗದೆ, ಸಂಸತ್ತಿನ ಎದುರಿನ ಹುಲ್ಲುಹಾಸಿನಿಂದ ಹೆದ್ದಾರಿಯ ಗಡಿಯವರೆಗೆ ಅವರನ್ನು ಹಿಂದೆ ಹಿಂದೆ ತಳ್ಳಿದವರನ್ನೂ ಪ್ರಶ್ನಿಸಬೇಕು. ಬೇಡಿಕೆಯನ್ನು ಅದರ ನ್ಯಾಯದಿಂದಲೂ, ಅಡಚಣೆಯನ್ನು ಅದರ ಕಾರಣದಿಂದಲೂ ಬೇರೆ ಬೇರೆಯಾಗಿ ತೂಗಿ ನೋಡುವ ವಿವೇಕವನ್ನು ಪ್ರಜಾಪ್ರಭುತ್ವದ ಪ್ರಜೆಗಳು ಬಿಟ್ಟುಕೊಡಬಾರದು.