ನಿಮಗಿದು ಗೊತ್ತೆ? ರಾಕು ಪಾತ್ರೆಗೂ ಪಿಂಗಾಣಿಯ ಬಿಳುಪು

ಪಿಂಗಾಣಿ ಗಟ್ಟಿಯಾಗಿ ಬೇಯಲು ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಜಪಾನಿನ ಕುಂಬಾರಿಕೆ ಪದ್ಧತಿಯಾದ ರಾಕುವಿನ ಆವಿಗೆಯ ಶಾಖ ಸಾಮಾನ್ಯವಾಗಿ 1000 ಡಿಗ್ರಿಯ ಆಸುಪಾಸು. ಮೇಲಾಗಿ, ರಾಕುವಿನಲ್ಲಿ ಮಾಡುವಂತೆ ನಿಗಿನಿಗಿ ಕಾದ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆಲೇ ಹೊರಗೆಳೆದರೆ ಅಪ್ಪಟ ಪಿಂಗಾಣಿ ಸುಲಭವಾಗಿ ಬಿರಿಯುತ್ತದೆ.

ರಾಕು ಪಾತ್ರೆಗೆ ಪಿಂಗಾಣಿಯ ಬಿಳುಪು ತರಲು ಕುಂಬಾರರು ಕಂಡುಕೊಂಡ ದಾರಿ ನಿಜಕ್ಕೂ ಸೊಗಸಾದದ್ದು. ಸುಟ್ಟ ಮಣ್ಣಿನ ತರಿ ಬೆರೆಸಿದ ಒರಟು ಜೇಡಿಯಲ್ಲಿ ಪಾತ್ರೆ ಮಾಡಿ, ಅದು ಅರೆ ಒಣಗಿರುವಾಗಲೇ ನೀರಿನಲ್ಲಿ ಕದಡಿದ ಪಿಂಗಾಣಿ ಮಣ್ಣನ್ನು ತೆಳ್ಳಗೆ ಬಳಿಯುತ್ತಾರೆ. ಶಾಖದ ಹೊಡೆತವನ್ನು ಒಳಗಿನ ಒರಟು ಮಣ್ಣು ತಾಳಿಕೊಳ್ಳುತ್ತದೆ.

ರಾಕು ಹುಟ್ಟಿದ್ದು 16ನೇ ಶತಮಾನದ ಕ್ಯೋಟೋದಲ್ಲಿ, ಚೋಜಿರೊ ಮಾಡಿದ ಚಹಾ ಬಟ್ಟಲುಗಳಿಂದ. ಬಿಸಿ ಪಾತ್ರೆಯನ್ನು ಮರದ ಹೊಟ್ಟಿನಲ್ಲಿಟ್ಟು ಹೊಗೆಯೂಡುವ ಪದ್ಧತಿಯನ್ನು 1960ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಕಲಾವಿದ ಪಾಲ್ ಸೋಲ್ಡ್‌ನರ್. ಹೊಗೆಯ ಇಂಗಾಲ ಲೇಪದ ಮೇಲಿನ ಗ್ಲೇಜಿನ (ಗಾಜಿನಂಥ ಹೊದಿಕೆಯ) ಕೂದಲೆಳೆ ಬಿರುಕುಗಳಿಗೆ ಇಳಿದಾಗ ಬಿಳಿ ಲೇಪದ ಮೇಲೆ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಗ್ಲೇಜ್ ಇಲ್ಲದ ಕಡೆ ಅದೇ ಲೇಪ ಹೊಗೆ ಹೀರಿ ಕಪ್ಪಾಗುತ್ತದೆ.